ಕೆಂಚನಿಗೆ ನೊಗ ಕಟ್ಟಿದ ಗೌರಮ್ಮ

ಬ್ಯಾಟರಾಯನಪುರದ ಗೌರಮ್ಮ ನಾಯಿಮರಿಗೆ ಕೆಂಚ ಅಂತ ಹೆಸರಿಟ್ಟಾಗ ಸೊಸೆ ರಮ್ಯ ನಕ್ಕಿದ್ದಳು. "ಅದು ಎತ್ತಿನ ಹೆಸರಲ್ವಾ ಅತ್ತೆ?" ಇರಲಿ ಬಿಡಿ, ಗೌರಮ್ಮನಿಗೆ ಬರುತ್ತಿದ್ದದ್ದೇ ದನದ ಹೆಸರುಗಳು. ಈಗ ನಾಲ್ಕು ಮಹಡಿ ಎದ್ದು ಬಾಡಿಗೆದಾರರು ತುಂಬಿರುವ ಜಾಗದಲ್ಲಿ ಅವರ ಕೊಟ್ಟಿಗೆಯಿತ್ತು. ಕೊನೆಯ ಹಸುವನ್ನೂ ಕೊಟ್ಟಮೇಲೆ ಕೈಗೆ ಕೆಲಸವಿಲ್ಲದೆ ಒದ್ದಾಡುತ್ತಿದ್ದಾಗ ಗೇಟಿನ ಸಂದಿಯಿಂದ ನುಗ್ಗಿ ಬಂದದ್ದು ಈ ಕೆಂಪು ಬೀದಿಮರಿ. ಅವತ್ತಿನಿಂದ ಆಕೆಗೆ ಬೆಳಗಾಗುವುದೇ ಕೆಂಚನ ಮುಖ ನೋಡಿ.

ವರ್ಷ ತುಂಬುವಷ್ಟರಲ್ಲಿ ಮರಿ ದಾಂಡಿಗನಾಯಿತು. ಗೌರಮ್ಮ ಅದರ ಕೊರಳಿಗೆ ಹಳೆಯ ದನದ ಹಗ್ಗವನ್ನೇ ಕಟ್ಟಿ, ಇನ್ನೊಂದು ತುದಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ಬೀದಿಗೆ ಹೊರಡುತ್ತಿದ್ದಳು. ಒಂದು ದಿನ ಕೋಳಿ ಅಂಗಡಿಯ ಮುಂದೆ ಬೆಕ್ಕೊಂದು ಅಡ್ಡ ಓಡಿತು ನೋಡಿ! ಕೆಂಚ ಹಾರಿದ, ಗೌರಮ್ಮ ಬೋರಲು ಬಿದ್ದಳು. ಹಿಂದಿನಿಂದ ಬರುತ್ತಿದ್ದ ಟೆಂಪೋದವನು ಬ್ರೇಕ್ ಹಾಕಿದ್ದೇ ಪುಣ್ಯ. ಭುಜ ಉಳುಕಿ, ಮಂಡಿ ತರಚಿಕೊಂಡು ಮನೆಗೆ ಬಂದಳು.

ಮಗ ಮಹೇಂದ್ರ ಕೆಂಡವಾದ. "ದೊಡ್ಡಬಳ್ಳಾಪುರದ ಹತ್ರ ನನ್ ಫ್ರೆಂಡ್ ಸತೀಶ್ ತೋಟ ಇದೆ. ನಾಯಿ ಅಲ್ಲಿರ್ಲಿ. ಮುಗೀತು."

"ನನ್ನೂ ಅಲ್ಲೇ ಬುಟ್ಟು ಬಾ."

"ತಮಾಷೆ ಅಲ್ಲಮ್ಮ."

"ನಂದೂ ತಮಾಸೆ ಅಲ್ಲ ಕಣ್ಲಾ. ಗೌರಿ ಹಬ್ಬದ ಗಂಟ ಬುಡು. ಅಷ್ಟರಲ್ಲಿ ಅದು ನೆಟ್ಟಗೆ ನಡೀಲಿಲ್ಲ ಅಂದ್ರೆ ನಾನೇ ಕಾರ್ ಅತ್ತಿಸ್ತೀನಿ."

ಮಹೇಂದ್ರ ಒಪ್ಪಿದ. ನಾಯಿಯಿಂದ ಆಗುವ ಮಾತಲ್ಲ ಅಂತ ಅವನಿಗೆ ಧೈರ್ಯ. ಗೌರಮ್ಮನ ಹಟ ಎಂಥದ್ದು ಅಂತ ಹೆತ್ತ ಮಗನಿಗೇ ಮರೆತುಹೋಗಿತ್ತು!

ಭುಜದ ನೋವು ಇಳಿದದ್ದೇ ತಡ, ಆಟೋ ಹತ್ತಿ ತಣಿಸಂದ್ರದ ನಾಯಿ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯ ಜಹೀರ್ ಮೊದಲು ತೆಗೆದದ್ದು, ಎಳೆದರೆ ಕುತ್ತಿಗೆಗೆ ಬಿಗಿಯುವ ಸರಪಳಿ. "ಇದು ಹಾಕಿ ಅಮ್ಮ, ಒಂದೇ ದಿನದಲ್ಲಿ ಬುದ್ಧಿ ಬರುತ್ತೆ." ಗೌರಮ್ಮ ಅದನ್ನು ತನ್ನ ಮುಂಗೈಗೇ ಹಾಕಿಕೊಂಡು ಜಗ್ಗಿದಳು. ಚರ್ಮ ಕಚ್ಚಿಕೊಂಡಿತು.

"ಇದ್ನ ನೀನು ಕತ್ಗಾಕ್ಕೊಂಡು ಒಂದು ಸುತ್ತು ಓಡ್ಬಾಪ್ಪ, ಆಮೇಲೆ ತಗೋತೀನಿ."

ಜಹೀರ್ ನಗುತ್ತಾ ಅದನ್ನು ಒಳಗಿಟ್ಟು, ಎದೆಗೂ ಹೊಟ್ಟೆಗೂ ಸುತ್ತುವ ಬಾಡಿ ಬೆಲ್ಟ್ ತೋರಿಸಿದ. ಮೆತ್ತಗಿತ್ತು, ಹಗ್ಗ ಸಿಕ್ಕಿಸುವ ಬಳೆ ಬೆನ್ನ ಮೇಲಿತ್ತು. ಕುತ್ತಿಗೆಗೆ ನೋವಿಲ್ಲವಲ್ಲ ಅಂತ ಗೌರಮ್ಮ ಖುಷಿಯಾಗಿ ಕೊಂಡಳು.

ಮಾರನೆಯ ಬೆಳಿಗ್ಗೆ ನೋಡಬೇಕಿತ್ತು ಆ ಸಂಭ್ರಮ! ಕೆಂಚ ಎದೆ ಕೊಟ್ಟು, ತಲೆ ತಗ್ಗಿಸಿ, ಮೊದಲಿಗಿಂತ ಎರಡರಷ್ಟು ಎಳೆದ. ಗೌರಮ್ಮ ಹಿಂದೆ ಹಿಂದೆ ಓಡಿದಳು. ಎದುರುಮನೆಯ ಮುನಿಯಣ್ಣ ಕಾಂಪೌಂಡಿನ ಮೇಲಿಂದ ಕೂಗಿದ. "ಏನ್ ಗೌರಮ್ಮಕ್ಕ, ಹೊಲ ಉಳೋಕ್ ಹೊಂಟ್ರಾ?"

ಗೌರಮ್ಮ ನಡುಬೀದಿಯಲ್ಲಿ ನಿಂತುಬಿಟ್ಟಳು. ಕೆಂಚನನ್ನು ನೋಡಿದಳು. ಹೆಗಲಿನ ಮೇಲೆ ಪಟ್ಟಿ, ಎದೆಗೆ ಭಾರ, ಹಿಂದಿನಿಂದ ಹಗ್ಗ. ಎತ್ತು ಎಳೆಯುವುದೂ ಹೀಗೇ ತಾನೇ?

"ನನ್ ಬುದ್ಧಿಗಿಷ್ಟು ಬೆಂಕಿ ಆಕ! ನೊಗ ಕಟ್ಟಿ ಎಳೀಬ್ಯಾಡ ಅಂತಾ ಇದೀನಲ್ಲ!"

ಜೀವಮಾನವೆಲ್ಲ ಎತ್ತು ಕಟ್ಟಿದವಳಿಗೆ ಇದು ಹೊಳೆಯಲಿಲ್ಲವಲ್ಲ ಅಂತ ಆಕೆಗೆ ನಾಚಿಕೆಯೂ ಆಯಿತು, ನಗುವೂ ಬಂತು. ಅವತ್ತೇ ಮತ್ತೆ ತಣಿಸಂದ್ರ. ಎದೆಯ ಮುಂದೆ ಬಳೆ ಇರುವ ಬೆಲ್ಟ್ ಬೇಕೆಂದಳು. ಎಳೆದರೆ ನಾಯಿ ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗಬೇಕು, ಅಷ್ಟೇ. ಜಹೀರ್ ಹುಡುಕಿ ಕೊಟ್ಟ. ಪಟ್ಟಿಯ ಕೆಳಗೆ ಎರಡು ಬೆರಳು ಆಡುವಷ್ಟು ಸಡಿಲ ಬಿಡಿ, ಕಂಕುಳು ಉಜ್ಜಬಾರದು ಅಂತ ಅಳತೆಯನ್ನೂ ಹೇಳಿಕೊಟ್ಟ.

ಬೆಲ್ಟು ಅರ್ಧ ಕೆಲಸ ಮಾಡಿತು, ಉಳಿದರ್ಧ ಗೌರಮ್ಮನದು. ಹಗ್ಗ ಬಿಗಿಯಾಯಿತೋ, ನಿಲ್ಲುವುದು. ಬೈಯುವುದಿಲ್ಲ, ಜಗ್ಗುವುದಿಲ್ಲ, ಸುಮ್ಮನೆ ಕಂಬದ ಹಾಗೆ ನಿಲ್ಲುವುದು. ಕೆಂಚ ತಿರುಗಿ ನೋಡಿ ಹಗ್ಗ ಸಡಿಲವಾದರೆ ಒಂದು ಚೂರು ಬೇಯಿಸಿದ ಕೋಳಿ, ಮತ್ತೆ ನಡಿಗೆ. ಶನಿವಾರ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲವಾದ್ದರಿಂದ ಅವತ್ತು ಕೊಬ್ಬರಿ. ಮೊದಲ ದಿನ ಪಕ್ಕದ ಮನೆ ದಾಟಲಾಗಲಿಲ್ಲ. ಬೀದಿಯವರು ನಕ್ಕರು. ನಗಲಿ! ಮಳೆ ಬಂದರೆ ಕೊಡೆ, ಮಂಡಿ ನೋವು ಬಂದರೆ ಎಣ್ಣೆ. ಒಂದು ಬೆಳಗನ್ನೂ ಬಿಡಲಿಲ್ಲ. ಕೆಲವು ಸಲ ಅಳು ಬರುವಷ್ಟು ಸುಸ್ತಾಗುತ್ತಿತ್ತು. ಆಗೆಲ್ಲ ಕೆಂಚ ಕಾರಿನ ಕಿಟಕಿಯಿಂದ ತನ್ನ ಕಡೆ ನೋಡುತ್ತಾ ದೂರವಾಗುವುದು ಕಣ್ಣಿಗೆ ಕಟ್ಟುತ್ತಿತ್ತು, ಸುಸ್ತು ಹಾರಿಹೋಗುತ್ತಿತ್ತು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಮಹೇಂದ್ರ ಚಪ್ಪಲಿ ಮೆಟ್ಟಿ ಬಂದ. "ನಡೀಮ್ಮ, ನೋಡೋಣ. ಸತೀಶ್ ಮಧ್ಯಾಹ್ನ ಬರ್ತಾನೆ."

"ನಾನಲ್ಲ, ನೀನೇ ಇಡ್ಕೊ. ನನ್ ಜೊತೆ ನಡೆದ್ರೆ ನಾಳೆ ಇನ್ನೊಂದ್ ಮಾತಾಡ್ತೀಯ."

ಅಂದಳೇನೋ ಸರಿ, ಒಳಗೆ ಎದೆ ಡವಡವ. ಗೇಟು ದಾಟಿದೊಡನೆ ಮಹೇಂದ್ರ ಹಗ್ಗವನ್ನು ಬಿಗಿಯಾಗಿ ಹಿಡಿದ. ಕೆಂಚ ನಿಂತ. ಮಹೇಂದ್ರ ಎಳೆದ. ಕೆಂಚ ಜಪ್ಪಯ್ಯ ಅಂದರೂ ಅಲುಗಲಿಲ್ಲ, ಅವನ ಮುಖವನ್ನೇ ನೋಡುತ್ತಾ ನಿಂತ.

"ನೋಡಿದ್ಯಾ? ನಡೀತಾನೇ ಇಲ್ಲ."

"ಅಗ್ಗ ಬಿಗಿ ಆದ್ರೆ ನಿಲ್ಬೇಕು ಅಂತ ಅದು ಕಲ್ತದೆ. ಈಗ ಎಳೀತಿರೋನು ನೀನು ಕಣ್ಲಾ. ಸಡ್ಲ ಬುಡು."

ಮಹೇಂದ್ರ ಹಗ್ಗ ಸಡಿಲ ಬಿಟ್ಟ. ಕೆಂಚ ಅವನ ಕಾಲ ಪಕ್ಕಕ್ಕೆ ಬಂದು ಹೆಜ್ಜೆ ಹಾಕಿದ. ಬೀದಿ ಕೊನೆ ಮುಟ್ಟಿ ತಿರುಗಿ ಬರುವವರೆಗೂ ಹಗ್ಗ ಜೋತಾಡುತ್ತಲೇ ಇತ್ತು. ಗೇಟಿನ ಹತ್ತಿರ ಮಹೇಂದ್ರ ಫೋನ್ ತೆಗೆದ. "ಮಗಾ ಸತೀಶ, ಬರ್ಬೇಡ ಬಿಡು." ಫೋನ್ ಜೇಬಿಗಿಟ್ಟರೂ ಒಳಗೆ ಹೋಗಲಿಲ್ಲ. "ನಂಗೆ ನಾಯಿ ಮೇಲೆ ಕೋಪ ಇರ್ಲಿಲ್ಲಮ್ಮ. ಆ ಟೆಂಪೋ ನಿಲ್ದೇ ಇದ್ದಿದ್ರೆ ಅಂತ... ಈಗ್ಲೂ ನಿದ್ದೆ ಬರಲ್ಲ."

ಇಷ್ಟು ದಿನ ಮಗನ ಮೇಲೆ ಹಲ್ಲು ಮಸೆದದ್ದೆಲ್ಲ ಗೌರಮ್ಮನಿಗೆ ನೆನಪಾಯಿತು.

"ಅದ್ನ ಮೊದ್ಲೇ ಯೋಳಕ್ಕೆ ಏನ್ ರೋಗ ಆಗಿತ್ತು ನಿಂಗೆ?" ಅಂತ ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡು, ಮಗನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.