ಅಕ್ಕನ ಮಶೀನಿನ ಮುಂದೊಂದು ಪರದೆ

ಅಫಜಲಪುರದಲ್ಲಿ ನನ್ನ ಅಕ್ಕನದೊಂದು ಹೊಲಿಗೆ ಅಂಗಡಿ. ಅವಳಿಗೆ ಕಿವಿ ಪೂರ್ತಿ ಕೇಳಿಸದಂತಾದ ಮೇಲೆ ಗಿರಾಕಿಗಳು ಬಾಗಿಲಲ್ಲಿ ಕೂಗಿ ಕೂಗಿ ಹಿಂತಿರುಗತೊಡಗಿದರು. ಬೆಳಕಿನ ಕಿಟಕಿ ಎದುರಿಗಿದೆ, ಬಾಗಿಲು ಬೆನ್ನಿಗೆ, ಮಶೀನು ತಿರುಗಿಸುವಂತಿಲ್ಲ. ದೀಪಾವಳಿ ಮುಗಿದರೆ ಅಂಗಡಿ ಬಿಟ್ಟುಬಿಡುವುದೆಂದು ಅವಳ ಗಂಡ ಹೇಳಿಯಾಗಿತ್ತು.

'ನಾ ಬಿಡಂಗಿಲ್ಲ. ಏನರೆ ಮಾಡು,' ಎಂದಳು ನನಗೆ.

ನಾನು ಆಳಂದದಲ್ಲಿ ಪತ್ರಿಕೆಯ ವರದಿಗಾರ. ತಂತಿ ಜೋಡಿಸುವುದು ರಜೆಯ ದಿನದ ಹವ್ಯಾಸ. ನನ್ನ ಯೋಚನೆ ಇಷ್ಟು. ಬಾಗಿಲಿಗೆ ಕರೆಗಂಟೆಯಂಥ ಎರಡು ಗುಂಡಿ ಹಾಕುವುದು: ಒಂದನೆಯದು ಗಿರಾಕಿಗೆ, ಎರಡನೆಯದು ಮನೆಯವರಿಗೆ. ಒತ್ತಿದರೆ ಮಶೀನಿನ ಮುಂದೆ ಇಟ್ಟ ಅಂಗೈಯಗಲದ ಪರದೆ ಬೆಳಗಿ ಆ ಅಂಕಿ ತೋರಿಸಬೇಕು. ಗುಂಡಿ ಮತ್ತು ಪರದೆಯ ನಡುವೆ ಲೆಕ್ಕ ನೋಡಿಕೊಳ್ಳಲು ಬೆರಳುದ್ದದ ಒಂದು ಎಲೆಕ್ಟ್ರಾನಿಕ್ ಬೋರ್ಡು. ನನ್ನ ಬಳಿ ಇದ್ದದ್ದು ಅದೊಂದೇ. ಪರದೆ ಐದು ವೋಲ್ಟಿನದು. ಬೋರ್ಡಿನ ಪಿನ್ನುಗಳು ತಡೆದುಕೊಳ್ಳುವುದು ಮೂರು ಚಿಲ್ಲರೆ ವೋಲ್ಟು ಮಾತ್ರ.

ಅಕ್ಕನ ಅಂಗಡಿಯ ಪಕ್ಕದ ಮೊಬೈಲ್ ರಿಪೇರಿಯವನಿಗೆ ನನ್ನ ನಿಧಾನ ಕಂಡು ನಗು ಬಂತು.

'ಎರಡೂ ಒಂದೇ ಚಾರ್ಜರ್ ಮ್ಯಾಲ ಅದಾವಲ್ರಿ ಸಾಹೇಬ್ರ. ಹಚ್ಚಿಬಿಡ್ರಿ, ನಡೀತದ.'

'ಮೊದ್ಲ ಮೀಟರ್ ಕೊಡ್ರಿ.'

'ಪೇಪರ್‌ನವ್ರಿಗಿ ಎಲ್ಲಾದ್ರ ಮ್ಯಾಲೂ ಸಂಶಯ!'

ಚಾರ್ಜರ್ ಒಂದೇ, ನಿಜ. ಆದರೆ ಬೋರ್ಡು ಆ ಐದನ್ನು ತನ್ನೊಳಗೆ ಇಳಿಸಿಕೊಂಡು ಕೆಲಸ ಮಾಡುತ್ತದೆ. ಪರದೆಗೆ ಮಾತ್ರ ವಿದ್ಯುತ್ ಕೊಟ್ಟು, ಅದರ ಎರಡು ಸಂಕೇತದ ತಂತಿಗಳನ್ನು ಯಾವುದಕ್ಕೂ ಸೇರಿಸದೆ ಅಳೆದೆ. ಮೀಟರಿನಲ್ಲಿ ಹತ್ತಿರಹತ್ತಿರ ಐದು. ಹಾಗೇ ಹಚ್ಚಿದ್ದರೆ ಆ ಐದು ನೇರ ಬೋರ್ಡಿನ ಪಿನ್ನಿಗೆ ಹೋಗುತ್ತಿತ್ತು.

ಮರುದಿನ ಕಲಬುರಗಿಯ ಬಸ್ಸು ಹಿಡಿದು, ಎರಡು ವೋಲ್ಟೇಜುಗಳ ನಡುವೆ ಸಂಕೇತ ದಾಟಿಸುವ ಪುಟ್ಟ ಪಟ್ಟಿಯೊಂದನ್ನು ತಂದೆ. ರಿಪೇರಿಯವನೇ ಅದರ ಕಾಲುಗಳಿಗೆ ಬೆಸುಗೆ ಹಾಕಿಕೊಟ್ಟ. ಪಟ್ಟಿಯ ಒಂದು ಬದಿಗೆ ಪರದೆಯ ಐದು ವೋಲ್ಟ್, ಇನ್ನೊಂದು ಬದಿಗೆ ಬೋರ್ಡು ಕೊಡುವ ಮೂರು ಚಿಲ್ಲರೆ. ಗ್ರೌಂಡ್ ತಂತಿ ಮೂರಕ್ಕೂ ಒಂದೇ. ಬೋರ್ಡಿನತ್ತ ಹೋಗುವ ಸಂಕೇತದ ತಂತಿಗಳನ್ನು ಮತ್ತೆ ಅಳೆದೆ. ಎರಡರಲ್ಲೂ ಮೂರು ಚಿಲ್ಲರೆಯೇ. ಆಮೇಲೆ ವಿದ್ಯುತ್ ತೆಗೆದು, ಅವನ್ನು ಬೋರ್ಡಿಗೆ ಸೇರಿಸಿ, ಮತ್ತೆ ಕೊಟ್ಟೆ.

ಗುಂಡಿ ಒತ್ತಿದಾಗ ಪರದೆ ನೀಲಿಯಾಗಿ ಬೆಳಗಿತು. ಅಂಕಿ ಮಾತ್ರ ಇಲ್ಲ.

'ಸುಟ್ಟು ಹೋತೇನು?' ಎಂದರು ಭಾವ, ಸ್ವಲ್ಪ ಸಮಾಧಾನದಿಂದಲೇ.

ನಾನು ತಂತಿ ಕೀಳಲಿಲ್ಲ. ಅಳತೆ ಸರಿಯಿತ್ತು, ಹಾಗಾಗಿ ತಪ್ಪು ಬೇರೆಡೆ ಇರಬೇಕು. ಪರದೆಯ ಬೆನ್ನಿಗೆ ಅಕ್ಷರ ಗಾಢ ಮಾಡುವ ಸಣ್ಣ ತಿರುಪು ಇರುತ್ತದೆ. ಅದನ್ನು ಮೆಲ್ಲಗೆ ತಿರುಗಿಸಿದೆ. ನೀಲಿಯೊಳಗಿನಿಂದ ಒಂದರ ಅಂಕಿ ಎದ್ದು ಬಂತು.

ಭಾವ ನಂಬಲಿಲ್ಲ. ಅಕ್ಕನಿಗೆ ತಿಳಿಯದಂತೆ ಹೊರಗೆ ಹೋಗಿ, ಗಿರಾಕಿಯ ಗುಂಡಿ ಒತ್ತಿ ಸುಮ್ಮನೆ ನಿಂತರು. ಅಕ್ಕ ಮಶೀನು ನಿಲ್ಲಿಸಿ ತಿರುಗಿ ನೋಡಿದಳು.

'ಬರ್ರಿ ಬರ್ರಿ, ಗಿರಾಕಿ! ಏನ್ ಹೊಲೀಬೇಕ್ರಿ?'

ಭಾವ ಒಳಗೆ ಬಂದು, ತಮ್ಮ ಅಂಗಿಯ ಹರಿದ ಜೇಬು ತೋರಿಸಿದರು.