ಅಂಗಾಲಿನಲ್ಲಿ ದಾರಿ ಓದುವವಳು

ನಮ್ಮ ಪೆಟ್ರೋಲ್ ಪಂಪಿನಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಮೇಲೆ ನಕ್ಷೆ ಹರಡಿಕೊಂಡು, "ಇವತ್ತು ಒಂದೇ ದಿನದಲ್ಲಿ ಇಷ್ಟೂ ನೋಡಿಬಿಡೋಣ" ಎಂದು ಬೆರಳಾಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾಮಿಬ್ ಮರುಭೂಮಿಯೇನು ಇವರಪ್ಪನ ಮನೆಯ ಹಿತ್ತಲೇ? ಇಪ್ಪತ್ತೆರಡು ವರ್ಷದಿಂದ ಇಲ್ಲಿ ಟೈರು ರಿಪೇರಿ ಮಾಡಿಕೊಂಡಿರುವ ನಾನು, ಟಿಟಸ್, ಇಂಥವರನ್ನು ನಾಲ್ಕು ಮಾತು ಅಂದೇ ಕಳಿಸುವುದು. ಔಸಿ ಅಪೊಲೋನಿಯಾ ಮಾತ್ರ ರೊಟ್ಟಿ ಕಟ್ಟುವ ಕಂದು ಕಾಗದ ತಂದು ಅವರ ಪಕ್ಕದಲ್ಲಿ ಬಿಡಿಸಿ, ಪೆನ್ಸಿಲ್ ಕೈಗೆ ತೆಗೆದುಕೊಳ್ಳುತ್ತಾಳೆ.

ಔಸಿ ಎಂದರೆ ನಮ್ಮಲ್ಲಿ ಅಕ್ಕ. ನನಗೆ ಒಡಹುಟ್ಟಿದವಳೇನಲ್ಲ, ಆದರೆ ಈ ಸುತ್ತಮುತ್ತ ಅವಳನ್ನು ಬೇರೆ ಏನೆಂದೂ ಯಾರೂ ಕರೆಯುವುದಿಲ್ಲ. ಅರವತ್ತೆಂಟು ವರ್ಷ. ಪಂಪಿನ ಹಿಂದೆ ಕೆಂಡದ ಮೇಲೆ ಕಬ್ಬಿಣದ ಮಡಕೆಯಿಟ್ಟು ರೊಟ್ಟಿ ಬೇಯಿಸಿ ಮಾರುವುದು ಅವಳ ಕಸುಬು. ಸ್ಟೀರಿಂಗ್ ಹಿಡಿದವಳಲ್ಲ. ಆದರೂ ಮೂವತ್ತು ವರ್ಷದಿಂದ ಈ ಪಂಪಿನಿಂದ ತಾವೇ ಗಾಡಿ ಓಡಿಸಿಕೊಂಡು ಮರುಭೂಮಿಗೆ ಹೋಗಿ ಬಂದವರ ಒಂದು ದಿನದ ಲೆಕ್ಕಾಚಾರವೆಲ್ಲ ಅವಳ ಕಾಗದದ್ದೇ. ಅವಳ ಕಾಗದದಲ್ಲಿ ಕಿಲೋಮೀಟರು ಇರುವುದಿಲ್ಲ. ಗಂಟೆ ಇರುತ್ತದೆ, ನೀರು ಇರುತ್ತದೆ.

ಇನ್ನೊಂದು ಕಟ್ಟಳೆ ಇದೆ. ಪಂಪಿನ ಗೇಟಿನ ಹತ್ತಿರ ಹೊಳೆಪಾತ್ರದ ನುಣುಪು ಮರಳು ತಂದು ಚಾಪೆಯಷ್ಟಗಲ ಹಾಸಿದ್ದಾಳೆ. ಮರುಭೂಮಿಗೆ ಹೋಗುವ ಪ್ರತಿ ಗಾಡಿಯೂ ಅದರ ಮೇಲೆ ಮೆಲ್ಲಗೆ ಉರುಳಬೇಕು. ಆಮೇಲೆ ಅವಳು ಚಪ್ಪಲಿ ಬಿಟ್ಟು ಆ ಗುರುತಿನ ಮೇಲೆ ನಿಲ್ಲುತ್ತಾಳೆ, ಅಂಗಾಲಿನಲ್ಲಿ ಒಂದೊಂದು ಚಕ್ರದ ಅಚ್ಚನ್ನೂ ಸವರಿ ನೋಡುತ್ತಾಳೆ. ವಾಪಸು ಬರದವರನ್ನು ಹುಡುಕುವುದು ಆ ಅಚ್ಚು ಹಿಡಿದೇ. ಕಣ್ಣು ಚೆನ್ನಾಗೇ ಇದೆ ಅವಳಿಗೆ. ಆದರೆ ನಡುಹಗಲಲ್ಲಿ, ನೆರಳೇ ಬೀಳದ ಹೊತ್ತಲ್ಲಿ, ಮರಳಿನ ಮೇಲಿನ ಗುರುತು ಕಣ್ಣಿಗೆ ಕಾಣುವುದಿಲ್ಲ, ಎಲ್ಲ ಬಿಳಿಯಾಗಿಬಿಡುತ್ತದೆ. ಜನ ದಾರಿ ತಪ್ಪಿ ಸಾಯುವುದೂ ಅದೇ ಹೊತ್ತಿನಲ್ಲಿ. ಕುಯಿಸೆಬ್ ಹೊಳೆಯ ದಂಡೆಯಲ್ಲಿ ಆಡು ಮೇಯಿಸುತ್ತಿದ್ದ ಅವಳ ತಾಯಿ, ಕಳೆದುಹೋದ ಆಡಿನ ಹೆಜ್ಜೆಯನ್ನು ಅಂಗಾಲಿನಲ್ಲಿ ಹುಡುಕುವುದನ್ನು ಕಲಿಸಿದ್ದಳಂತೆ. ದಾರಿಯಲ್ಲಿ ಚಕ್ರ ಬದಲಿಸಿದರೆ, ವಾಪಸು ಬಂದಾಗ ಮತ್ತೆ ಮರಳಿನ ಮೇಲೆ ಉರುಳಿಸಿ ತೋರಿಸಬೇಕು. ಹೊರಡುವ ಮುಂಚೆ ಬದಲಿಸಿದರಂತೂ ಉರುಳಿಸಿ ತೋರಿಸದೆ ಹೊರಡುವಂತೆಯೇ ಇಲ್ಲ. ಈ ಮಾತನ್ನು ಊರಿಗೆಲ್ಲ ಸಾರಿ ಹೇಳುತ್ತಿದ್ದವನು ನಾನೇ.

ಮೊನ್ನೆಯ ಜನವರಿಯಲ್ಲಿ, ನಮ್ಮ ಕಡು ಬೇಸಿಗೆಯಲ್ಲಿ, ಉತ್ತರದಿಂದ ಟಾಟೆ ನಾಫ್ತಾಲಿ ಮತ್ತು ಮೇಮೆ ಹಿಲ್ಯಾ ಬಂದರು. ಉತ್ತರದ ಹಿರಿಯರನ್ನು ಟಾಟೆ, ಮೇಮೆ, ಅಂದರೆ ಅಪ್ಪ, ಅಮ್ಮ ಎನ್ನದೆ ಬರೀ ಹೆಸರು ಹಿಡಿದು ಕರೆಯಲಾದೀತೇ? ಟಾಟೆ ನಿವೃತ್ತ ಲೆಕ್ಕದ ಮೇಷ್ಟ್ರು, ಮೇಮೆ ಅವರ ಹೆಂಡತಿ. ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಬಾಡಿಗೆ ಗಾಡಿ ಮಾಡಿಕೊಂಡು ಮೊದಲ ಸಲ ಮರುಭೂಮಿ ನೋಡಲು ಬಂದಿದ್ದರು. ಸಂಜೆ ನಮ್ಮ ಪಂಪಿನ ಬೇವಿನ ಕೆಳಗೆ ಡೇರೆ ಹಾಕಿದರು.

"ಬೆಳಿಗ್ಗೆ ದಿಬ್ಬ, ಹತ್ತಕ್ಕೆ ಕಣಿವೆ, ಮಧ್ಯಾಹ್ನ ಎರಡೆಲೆ ಗಿಡ, ಸಂಜೆಗೆ ಸಮುದ್ರ" ಎಂದರು ಮೇಷ್ಟ್ರು. "ನಾನೂರಿಪ್ಪತ್ತು ಕಿಲೋಮೀಟರು. ಗಂಟೆಗೆ ಎಪ್ಪತ್ತರಂತೆ ಆರು ಗಂಟೆ. ಲೆಕ್ಕ ಸರಿಯಾಗಿದೆ ತಾನೇ?"

"ಲೆಕ್ಕ ಸರಿಯಾಗೇ ಇದೆ, ಟಾಟೆ. ಆದ್ರೆ ಈ ಮರಳು ನಿಮ್ಮ ಸ್ಕೂಲಿಗೆ ಬಂದಿಲ್ವಲ್ಲ" ಎಂದಳು ಔಸಿ.

ಮೇಮೆ ಹಿಲ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಲವತ್ತು ವರ್ಷದಿಂದ ನಾನೂ ಇದನ್ನೇ ಬಡ್ಕೊತಿದೀನಿ ಕಣಮ್ಮಾ!"

ಔಸಿ ಎಲ್ಲವನ್ನೂ ಹೊಡೆದುಹಾಕಿ ಒಂದೇ ಜಾಗ ಉಳಿಸಿದಳು. ಐದಕ್ಕೆ ಹೊರಡುವುದು, ಕವಲಿನಲ್ಲಿ ಬಲಕ್ಕೆ ತಿರುಗುವುದು, ಎರಡೆಲೆ ಗಿಡ ನೋಡುವುದು, ಹನ್ನೆರಡಕ್ಕೆ ವಾಪಸು.

"ಒಂದೇನಾ?" ಮೇಷ್ಟ್ರ ಮುಖ ಸಣ್ಣಗಾಯಿತು.

"ಒಂದೇ. ಅದರ ಪಕ್ಕ ಸುಮ್ನೆ ಕೂತ್ಕೊಳ್ಳಿ. ನಿಮ್ಮ ತಾತನ ತಾತ ಹುಟ್ಟೋಕೆ ಮುಂಚೆಯಿಂದ್ಲೂ ಅದು ಅಲ್ಲೇ ಕೂತಿದೆ. ಹುಟ್ಟಿದ್ಮೇಲೆ ಬಿಟ್ಟ ಎರಡೇ ಎಲೆ, ಇವತ್ತಿಗೂ ಅವೇ. ಎಲ್ಲಾ ಜಾಗ ನೋಡಿ ಬಂದೋರು ನನ್ಹತ್ರ ಡೀಸೆಲ್ ರೇಟು ಮಾತಾಡ್ತಾರೆ, ಟಾಟೆ. ಅದೊಂದನ್ನ ನೋಡಿ ಬಂದೋರು ಮಾತೇ ಆಡಲ್ಲ."

ಗಾಡಿ ಮರಳಿನ ಮೇಲೆ ಉರುಳಿತು. ಔಸಿ ಬರಿಗಾಲಲ್ಲಿ ನಿಂತಳು. "ನಾಲ್ಕೂ ಒಂದೇ ಅಚ್ಚು. ಮುಂದಿನ ಬಲಗಡೇದು ಅಂಚಲ್ಲಿ ಸವೆದಿದೆ" ಎಂದವಳು, ನನ್ನ ಕಡೆ ಕೈ ತೋರಿಸಿ, "ಸ್ಟೆಪ್ನಿ ಚೆನ್ನಾಗಿದೆಯಾ ನೋಡ್ಕೊಳ್ಳಿ. ಇವನು ಹಾಕೋ ತೇಪೆ ನಂಬ್ಕೊಂಡು ಹೋಗ್ಬೇಡಿ" ಎಂದುಬಿಟ್ಟಳು. ಗಂಡ ಹೆಂಡತಿ ಇಬ್ಬರೂ ನಕ್ಕರು. ತಮಾಷೆಯೇ ಇರಬಹುದು. ಆದರೆ ಹೊರಗಿನವರ ಮುಂದೆ ಹಾಗನ್ನುವುದೇ? ನಾನು ಆ ರಾತ್ರಿ ಅವಳ ರೊಟ್ಟಿ ತಿನ್ನಲಿಲ್ಲ.

ಬೆಳಿಗ್ಗೆ ಐದಕ್ಕೆ ನೋಡಿದರೆ ಅವರ ಗಾಡಿಯ ಹಿಂದಿನ ಎಡ ಚಕ್ರದಲ್ಲಿ ಗಾಳಿಯಿಲ್ಲ. ನನ್ನನ್ನು ಎಬ್ಬಿಸಿದರು. ಸ್ಟೆಪ್ನಿ ಬೇರೆ ಕಂಪನಿಯದು, ಅಚ್ಚೂ ಬೇರೆ. ಹತ್ತೇ ನಿಮಿಷದಲ್ಲಿ ಹಾಕಿಕೊಟ್ಟೆ. ಔಸಿ ಅಲ್ಲೇ ಮೂವತ್ತು ಹೆಜ್ಜೆಯಾಚೆ, ಹೊಗೆಯಲ್ಲಿ ಬಗ್ಗಿ ಕೆಂಡ ಕೆದಕುತ್ತಿದ್ದಳು. ಒಂದು ಸಲ "ಔಸಿ" ಅಂದಿದ್ದರೆ ಸಾಕಾಗಿತ್ತು. ಅನ್ನಲಿಲ್ಲ. ನನ್ನ ತೇಪೆ ಬೇಡವಾದವಳಿಗೆ ನನ್ನ ಚಕ್ರವೇಕೆ ಎಂಬ ಕೊಬ್ಬು. ಗಾಡಿಯನ್ನು ಮರಳು ತುಳಿಸದೆ ಪಕ್ಕದ ಗೇಟಿನಿಂದ ಕಳಿಸಿಬಿಟ್ಟೆ.

ಹನ್ನೆರಡಾಯಿತು. ಬರಲಿಲ್ಲ. ಒಂದಕ್ಕೆ ಔಸಿ ಕೈಗಂಟಿದ ಹಿಟ್ಟು ಒರೆಸಿಕೊಂಡು ಬಂದು, "ಗಾಡಿ ತೆಗಿಯೋ ಟಿಟು" ಎಂದಳು. ನೀರಿನ ಎರಡು ಕ್ಯಾನು ಹಾಕಿಕೊಂಡು ಹೊರಟೆವು. ಜನವರಿಯ ಬಿಸಿಲಲ್ಲಿ ಒಯ್ದ ನೀರು ಮುಗಿದರೆ ಆ ವಯಸ್ಸಿನವರಿಗೆ ಸಂಜೆ ಕಾಣುವುದು ಕಷ್ಟ. ನಮ್ಮಿಬ್ಬರಿಗೂ ಅದು ಗೊತ್ತಿತ್ತು.

ಇಷ್ಟು ವರ್ಷ ಇಲ್ಲೇ ಇದ್ದರೂ ಆ ಹೊತ್ತಿನ ನಾಮಿಬ್ ನನ್ನ ಉಸಿರು ಕಟ್ಟಿಸುತ್ತದೆ. ಎದುರಿಗೆ ಏನೂ ಇಲ್ಲ. ಗುಡ್ಡವೂ ನೆಲ ಬಿಟ್ಟು ಮೇಲೆದ್ದು ತೇಲುತ್ತಿರುತ್ತದೆ. ಇಷ್ಟು ದೊಡ್ಡದರ ಮುಂದೆ ನಮ್ಮ ಸಿಟ್ಟು ಸೆಡವು ಯಾವ ಮೂಲೆಗೆ ಎನಿಸಿ, ಹೆದರಿಕೆಯೂ ಭಕ್ತಿಯೂ ಒಟ್ಟೊಟ್ಟಿಗೆ ಬರುತ್ತವೆ. ಆ ದಿನ ಹೆದರಿಕೆಯೇ ಹೆಚ್ಚಾಗಿತ್ತು.

ಕವಲಿನಲ್ಲಿ ಔಸಿ ಇಳಿದಳು. ಚಪ್ಪಲಿ ಬಿಟ್ಟಳು. ನನ್ನ ದಪ್ಪ ಬೂಟಿನೊಳಗೂ ಸುಡುತ್ತಿದ್ದ ಮರಳಿನ ಮೇಲೆ ಆ ಮುದುಕಿ ನಿಂತು, ಕಣ್ಣು ಮುಚ್ಚಿ, ಒಂದೊಂದೇ ಹೆಜ್ಜೆ ಎಳೆಯುತ್ತ ಹೋದಳು. ನನ್ನ ಕಣ್ಣಿಗೆ ಅಲ್ಲಿ ಬರೀ ಬೆಳಕು. ಅವಳು ಓದುತ್ತಿದ್ದಳು! ಎಷ್ಟೋ ಸಲ ನೋಡಿದ್ದೇನೆ, ಆದರೂ ನನ್ನ ಮೈ ಜುಮ್ಮೆಂದಿತು.

"ಎಡಕ್ಕೆ ಒಂದು ಗಾಡಿ ಹೋಗಿದೆ" ಎಂದಳು. "ಮುಂದಿನ ಬಲಗಡೇದು ಅಂಚು ಸವೆದಿರೋದೇ. ಮೂರು ಚಕ್ರ ಅವರದೇ ಅಂತಿವೆ. ನಾಲ್ಕನೇದು ಅಲ್ಲ ಅಂತಿದೆ. ಕವಲಿಗೆ ಬರೋಷ್ಟರಲ್ಲೇ ಚಕ್ರ ಬದಲಿಸಿರೋಕಿಲ್ಲ, ಇದು ಬೇರೆ ಯಾರದೋ. ಬಲಕ್ಕೆ ನಡಿ."

ಬಲಕ್ಕೆ ತಿರುಗಿಸಿದೆ. ಹೌದು, ತಿರುಗಿಸಿದೆ, ಗೊತ್ತಿದ್ದೂ ತಿರುಗಿಸಿದೆ. ಕಣಿವೆ ಇರುವುದು ಎಡಕ್ಕೆ, ಅದನ್ನು ನೋಡುವ ಆಸೆಗೆ ಮೇಷ್ಟ್ರೇ ಆ ಕಡೆ ಹೋಗಿರುತ್ತಾರೆ ಎಂದು ಹೊಳೆಯಿತು. ಆದರೂ ಅವಳ ಮುಂದೆ ಹೇಗೆ ಹೇಳಲಿ? ಮೂವತ್ತು ವರ್ಷದಲ್ಲಿ ಅವಳ ಮರಳು ತುಳಿದು ಹೋದ ಒಂದು ಗಾಡಿಯೂ ಕಳೆದುಹೋಗಿರಲಿಲ್ಲ. ನಾಚಿಕೆಗೆಟ್ಟವನು ನಾನು, ಹನ್ನೆರಡು ಕಿಲೋಮೀಟರು ಬಾಯಿ ಮುಚ್ಚಿಕೊಂಡು ಓಡಿಸಿದೆ. ಆಮೇಲೆ ತಡೆಯಲಾಗಲಿಲ್ಲ, ಗಕ್ಕನೆ ನಿಲ್ಲಿಸಿದೆ.

"ಔಸಿ, ಹಿಂದಿನ ಎಡ ಚಕ್ರ ನಾನು ಬದಲಾಯಿಸಿದೀನಿ."

"ಯಾವಾಗ?"

"ಬೆಳಿಗ್ಗೆ. ನಿನ್ನ ಕರೀಲಿಲ್ಲ. ನನಗೆ ಸಿಟ್ಟಿತ್ತು."

ಅವಳು ನನ್ನ ಮುಖ ನೋಡಲಿಲ್ಲ. "ತಿರುಗಿಸು" ಎಂದಳು, ಅಷ್ಟೇ. ಕಪಾಳಕ್ಕೆ ಬಿಗಿದಿದ್ದರೆ ನೆಮ್ಮದಿಯಾಗಿರುತ್ತಿತ್ತು.

ಎಡದ ದಾರಿ ಒಂದೇ ದಾರಿಯಲ್ಲ, ಹೋಗುತ್ತ ಹೋಗುತ್ತ ಬೆರಳುಗಳಂತೆ ಒಡೆಯುತ್ತದೆ. ಪ್ರತಿ ಒಡಕಿನಲ್ಲೂ ಅವಳು ಇಳಿದಳು. ಐದನೇ ಸಲ ಇಳಿದಾಗ ಅವಳ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದು ಕಂಡಿತು. "ನನ್ನ ಬೂಟು ಹಾಕ್ಕೊ" ಎಂದೆ. "ಬೂಟಿಗೆ ಓದು ಬರತ್ತೇನೋ?" ಎಂದಳು. ಕುಂಟುತ್ತಲೇ ಹೋಗಿ, ನಿಂತು, ಕೈ ಎತ್ತಿ ದಾರಿ ತೋರಿಸಿದಳು. ನಮ್ಮ ಕಣ್ಣಿಗೆ ಏನೂ ಇಲ್ಲದ ಅಷ್ಟಗಲ ಬಯಲಿನಲ್ಲಿ, ಒಂದು ಚಕ್ರದ ಸುಳಿವನ್ನು ಸುಟ್ಟ ಅಂಗಾಲಿನಿಂದ ಎತ್ತಿಕೊಂಡು ಹೋಗುತ್ತಿದ್ದ ಆ ಹೆಂಗಸನ್ನು ನೋಡಿ ನಾನು ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟೆ.

ಮೂರೂವರೆಗೆ ಕಂಡರು. ಒಣಗಿದ ಹೊಳೆಪಾತ್ರದಲ್ಲಿ ಗಾಡಿ ಆಕ್ಸಲ್ಲಿನವರೆಗೂ ಹೂತುಹೋಗಿತ್ತು. ಒದ್ದೆ ಮರಳು ಗಟ್ಟಿಯಾಗುತ್ತದೆಂದು ಲೆಕ್ಕ ಹಾಕಿ ಮೇಷ್ಟ್ರು ಕೈಗೆ ಸಿಕ್ಕ ನೀರನ್ನೆಲ್ಲ ಚಕ್ರದ ಕೆಳಗೆ ಸುರಿದಿದ್ದರಂತೆ. ಗಾಡಿಯ ಮಗ್ಗುಲಲ್ಲಿ ಗೇಣಗಲದ ನೆರಳು, ಅದರಲ್ಲಿ ಅವರು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ತುಟಿ ಬಿರಿದಿತ್ತು. ಕಣ್ಣು ಬಿಟ್ಟರು. ಔಸಿ ಅವರ ತಲೆಯೆತ್ತಿ, ನಮ್ಮ ಕ್ಯಾನಿನ ನೀರನ್ನು ಮುಚ್ಚಳದಲ್ಲಿ ಒಂದೊಂದೇ ಗುಟುಕು ಹನಿಸಿದಳು. ಸ್ವಲ್ಪ ಹೊತ್ತಿಗೆ, "ಲೆಕ್ಕ ತಪ್ಪಿತು" ಎಂದರು ಮೇಷ್ಟ್ರು. ಔಸಿ ಅವರ ಹಣೆ ಒರೆಸಿ, "ಮಾತಾಡ್ಬೇಡಿ, ಟಾಟೆ, ಕುಡೀರಿ" ಎಂದಳು.

ಮೇಮೆ ಹಿಲ್ಯಾ ಕಷ್ಟಪಟ್ಟು ಎದ್ದು ಗಾಡಿಯ ಸೀಟಿನ ಕೆಳಗೆ ಕೈ ಹಾಕಿದರು. ಟವಲಿನಲ್ಲಿ ಸುತ್ತಿಟ್ಟ ಒಂದು ಬಾಟಲಿ ತೆಗೆದರು. ಅರ್ಧದಷ್ಟು ನೀರಿತ್ತು. ಅದನ್ನು ನನ್ನ ಕಡೆ ಚಾಚಿದರು.

"ಇವರಿಗೆ ಗುಟುಕು ಗುಟುಕು ಕೊಟ್ಟು, ಉಳಿದಿದ್ದನ್ನ ನಮ್ಮನ್ನ ಹುಡುಕ್ಕೊಂಡು ಬರೋರಿಗೆ ಅಂತ ಎತ್ತಿಟ್ಟಿದ್ದೆ. ಇಂಥ ಬಿಸಿಲಲ್ಲಿ ಬಂದಿದೀರಿ, ಬಾಯಾರಿರತ್ತೆ. ತಗೊಳ್ಳಿ."

ನಮ್ಮಲ್ಲಿ ಎರಡು ಕ್ಯಾನು ನೀರಿದೆ, ಬೇಡ ಎಂದೆ. ಔಸಿ ಬಗ್ಗಿದಲ್ಲಿಂದಲೇ ನನ್ನತ್ತ ನೋಡಿದಳು. ಚಕ್ರದ ಮಾತು ಎತ್ತಿದ ಮೇಲೆ ಅವಳು ನನ್ನ ಮುಖ ನೋಡಿದ್ದು ಅದೇ ಮೊದಲು.

"ಕುಡಿ ಟಿಟು. ಕುಡಿದು ಹೇಳು."

ಕುಡಿದೆ. ಕಾದ ನೀರು. ಆಮೇಲೆ ಆ ಇಬ್ಬರ ಎದುರಿಗೆ ಮರಳಲ್ಲಿ ಮಂಡಿಯೂರಿ ಎಲ್ಲವನ್ನೂ ಹೇಳಿದೆ. ಚಕ್ರ, ಸಿಟ್ಟು, ಕವಲು, ಬಾಯಿ ಮುಚ್ಚಿಕೊಂಡು ಓಡಿಸಿದ ಆ ಹನ್ನೆರಡು ಕಿಲೋಮೀಟರು. ಏನೂ ಬಿಡಲಿಲ್ಲ. ಮೇಮೆ ಹಿಲ್ಯಾ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಗಂಡನ ಕಡೆ ಒಮ್ಮೆ ತಿರುಗಿ, ಅವರ ಎದೆ ಏರಿಳಿಯುವುದನ್ನು ನೋಡಿದರು.

"ಇನ್ನೂ ಸ್ವಲ್ಪ ಉಳಿದಿದೆ" ಎಂದರು ನನ್ನ ಕೈಯಲ್ಲಿದ್ದ ಬಾಟಲಿ ತೋರಿಸಿ. "ಅದನ್ನೂ ಕುಡಿದುಬಿಡಪ್ಪಾ."