ಹಿನ್ನೀರಿನ ದಂಡೆಯ ದಕ್ಷಿಣ ಅಮೆರಿಕ

ನಾನು ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವನು. ಅರಮನೆ, ಬೀದಿ, ಕಾಡು, ಬಡವರ ಮನೆ. ಇಷ್ಟು ಪರದೆಗಳಿದ್ದರೆ ಯಾವ ನಾಟಕವನ್ನಾದರೂ ಆಡಿ ಮುಗಿಸಬಹುದಿತ್ತು. ನನ್ನ ಹೆಂಡತಿ ಅದೇ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದಳು. ನಾನು ಬರೆದ ಕಾಡಿನ ಮುಂದೆ ನಿಂತು ಅಳುವುದು ಹೆಚ್ಚುಕಡಿಮೆ ಪ್ರತಿ ನಾಟಕದಲ್ಲೂ ಅವಳ ಪಾಲಿಗೆ ಬರುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಜನ ಸಂಜೆಯಾದರೆ ಟೀವಿ ಬಿಟ್ಟು ಏಳುತ್ತಿರಲಿಲ್ಲ. ಹರಪನಹಳ್ಳಿಯ ಕ್ಯಾಂಪಿನಲ್ಲಿ ಅರ್ಧ ತುಂಬಿದ್ದ ಥಿಯೇಟರು ಹಡಗಲಿಗೆ ಬರುವಷ್ಟರಲ್ಲಿ ಮುಂದಿನ ಸಾಲಿಗಿಳಿಯಿತು. ಒಂದು ಬೆಳಿಗ್ಗೆ ಮಾಲೀಕರು ಥಿಯೇಟರಿನ ತಗಡು ಬಿಚ್ಚಿಸಿದರು. ಪರದೆಗಳನ್ನು ಯಾರೂ ಕೇಳಲಿಲ್ಲ. ಸುರುಳಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ನಾವಿಬ್ಬರೂ ಕೊಟ್ಟೂರಿಗೆ ಬಂದು ಬಾಡಿಗೆ ಮನೆ ಹಿಡಿದೆವು.

ಆಮೇಲೆ ಅಂಗಡಿಗಳ ಬೋರ್ಡು ಬರೆದೆ. ಗೋಡೆಗಳ ಮೇಲೆ ಸಿಮೆಂಟಿನ ಜಾಹೀರಾತು ಬರೆದೆ. ಅವಳು ಬಣ್ಣ ಕಲಸಿಕೊಡುತ್ತಿದ್ದಳು, ಏಣಿ ಹಿಡಿಯುತ್ತಿದ್ದಳು, ದೊಡ್ಡ ಅಕ್ಷರಗಳ ಒಳಗೆ ಬಣ್ಣ ತುಂಬುತ್ತಿದ್ದಳು. ಅಷ್ಟರಲ್ಲಿ ಕಂಪ್ಯೂಟರಿನಲ್ಲಿ ಫ್ಲೆಕ್ಸ್ ಮಾಡುವವರು ಬಂದರು. ನನ್ನ ಬಲಭುಜವೂ ಅದೇ ಹೊತ್ತಿಗೆ ಕೈಕೊಟ್ಟಿತು. ತೋಳನ್ನು ಕಿವಿಯವರೆಗೆ ಎತ್ತಿದರೆ ಸಾಕು, ಒಳಗೆ ಯಾರೋ ತಂತಿ ಎಳೆದ ಹಾಗೆ ಆಗುತ್ತಿತ್ತು.

ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ ಅದು. ಲಾರಿ ವ್ಯವಹಾರದಲ್ಲಿ ಮೇಲೆ ಬಂದ ಒಬ್ಬ ಸಾವ್ಕಾರರು ಹಂಪಸಾಗರದ ಆಚೆ, ತುಂಗಭದ್ರೆಯ ಹಿನ್ನೀರಿಗೆ ಹತ್ತಿರ, ಒಂದು ತೋಟ ಮಾಡಿದ್ದರು. ನನಗೆ ಹೇಳಿಕಳಿಸಿದರು. ಹೋದೆವು. ತೋಟದ ನಡುವೆ ಹೊಸದಾಗಿ ಕಟ್ಟಿದ ಗೂಡುಗಳಿದ್ದವು. ಒಂದರಲ್ಲಿ ಎರಡು ಮಕಾವ್ ಗಿಳಿಗಳು, ಒಂದು ನೀಲಿ ಹಳದಿ, ಇನ್ನೊಂದು ಕೆಂಪು. ಇನ್ನೊಂದರಲ್ಲಿ ಇಗ್ವಾನಾ ಎಂಬ ಉದ್ದ ಬಾಲದ ದೊಡ್ಡ ಹಲ್ಲಿ. ತೋಟದ ಆಳುಗಳು ಅದನ್ನು ಉಡ ಎಂದೇ ಕರೆಯುತ್ತಿದ್ದರು. ಮೂರನೆಯದರಲ್ಲಿ ಮುಷ್ಟಿಗಾತ್ರದ ಒಂದು ಜೋಡಿ ಕೋತಿಗಳು. ಕಿವಿಯ ಪಕ್ಕ ಬಿಳಿ ಕೂದಲಿನ ಗೊಂಚಲು. ಮಾರ್ಮೊಸೆಟ್ ಅಂತ ಹೆಸರು.

"ಮಾಸ್ತರ, ಇವೆಲ್ಲ ದಕ್ಷಿಣ ಅಮೆರಿಕಾದ್ವು," ಎಂದರು ಸಾವ್ಕಾರರು. "ಈ ಉಡ ಮಾತ್ರ ಕೆರಿಬಿಯನ್ ದ್ವೀಪದ್ದು ಅಂತ ಮಾರಿದವ ಹೇಳಿ ಕೊಟ್ಟಾನ. ಹಿಂದಿನ ಗೋಡಿಗೆಲ್ಲ ಅಲ್ಲಿದ್ದಂಗ ಚಿತ್ರ ಬರೀಬೇಕು. ಮಂದಿ ಟಿಕೀಟ್ ತಗಂಡು ಬಂದ್ರ, ಅಮೆರಿಕಾಕ್ಕ ಹೋದಂಗ ಆಗಬೇಕು."

"ಕೆರಿಬಿಯನ್ ಅಂದ್ರ ಯಾವ್ದ್ರೀ?" ನನ್ನ ಹೆಂಡತಿ ಕೇಳಿದಳು.

"ವೆಸ್ಟ್ ಇಂಡೀಸ್ ಕ್ರಿಕೆಟ್ ಟೀಮ್ ಐತಲ್ಲ ತಂಗಿ, ಅವರ ಊರು."

ಸಾವ್ಕಾರರು ಕೆಟ್ಟವರಲ್ಲ. ಕೆಂಪು ಗಿಳಿಯನ್ನು ತೋಳಿನ ಮೇಲೆ ಕೂರಿಸಿಕೊಂಡು ಒಂದೊಂದೇ ಗೋಡಂಬಿ ತಿನ್ನಿಸುತ್ತಿದ್ದರು. "ಹುಟ್ಟಿದಾಗಿಂದ ಕೆಂಪಂದ್ರ ಬರೇ ಧೂಳ ನೋಡೀನಿ. ಇಂಥಾ ಕೆಂಪು ಐತಿ ಅಂತ ಗೊತ್ತಿರ್ಲಿಲ್ಲ," ಎಂದರು. ಆದರೆ ಆ ಗಿಳಿಯ ಎದೆಯಲ್ಲಿ ಅಂಗೈಯಷ್ಟು ಜಾಗ ಬೋಳಾಗಿತ್ತು. ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ ಎಂದು ಆಳು ಹೇಳಿದ.

ಅಮೆರಿಕದ ಕಾಡು ನನಗೇನು ಗೊತ್ತು? ನಾನು ಹುಟ್ಟಿದ್ದು ಕೂಡ್ಲಿಗಿ ಕಡೆ, ಕಲ್ಲುಗುಡ್ಡದ ಊರಿನಲ್ಲಿ. ನನ್ನ ಕಾಡಿನ ಪರದೆಯಲ್ಲಿ ಮಾವಿನ ಮರ, ನವಿಲು, ಜಿಂಕೆ, ಮೂಲೆಯಲ್ಲೊಂದು ಋಷಿಯ ಕುಟೀರ ಇರುತ್ತಿದ್ದವು. ಅದನ್ನು ಹೇಳಿದಾಗ ಸಾವ್ಕಾರರು ನಕ್ಕು, "ಹಂಗಾದ್ರ ನೋಡಿ ಬರ್ರಿ. ದೊಡ್ಡ ಊರಾಗ ಜೂ ಅದಾವಲ್ಲ, ಅವರು ಹೆಂಗ ಇಟ್ಟಾರ ನೋಡ್ರಿ," ಎಂದು ಇಬ್ಬರನ್ನೂ ಕಳಿಸಿದರು. ಮದುವೆಯಾದ ಮೇಲೆ ಕ್ಯಾಂಪಿಗಲ್ಲದೆ ನಾವಿಬ್ಬರೂ ಊರುಬಿಟ್ಟು ಹೋದದ್ದು ಅದೇ ಮೊದಲು. ಆದರೂ ಅದು ಪ್ರವಾಸದಂತೆ ಅನಿಸಲಿಲ್ಲ. ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ರೈಲಿಗೆ. ಅವಳ ಕಾಲು ಬಾತುಕೊಂಡಿತು.

ಮೊದಲು ನೋಡಿದ್ದು ರಾಜರ ಕಾಲದ ಒಂದು ಹಳೆಯ ಮೃಗಾಲಯ. ಅಲ್ಲಿ ಒಂದು ಜಾಗ್ವಾರ್ ಇತ್ತು. ದಪ್ಪ ಸರಳು, ಸಿಮೆಂಟಿನ ನೆಲ, ತೊಳೆದ ನೀರು ಹರಿಯಲು ಒಂದು ತೂಬು. ಬೋರ್ಡಿನ ಮೇಲೆ ಅದರ ಹೆಸರು, ದೇಶ, ಊಟ ಬರೆದಿದ್ದರು. ಅದು ಎಡಗಡೆಯ ಗೋಡೆಯಿಂದ ಬಲಗಡೆಯ ಗೋಡೆಗೆ ನಡೆಯುವುದು, ತಿರುಗುವುದು, ಮತ್ತೆ ನಡೆಯುವುದು. ತಿರುಗುವ ಜಾಗದಲ್ಲಿ ಸಿಮೆಂಟು ನುಣುಪಾಗಿತ್ತು. ಮಕಾವ್‌ಗಳು ದುಂಡನೆಯ ತಂತಿಗೂಡಿನಲ್ಲಿದ್ದವು. ಜನ ಅವಕ್ಕೆ "ರಾಮ ರಾಮ ಅನ್ನು" ಎಂದು ಹೇಳಿಕೊಡುತ್ತಿದ್ದರು. ಎಲ್ಲ ಪ್ರಾಣಿಗಳೂ ಚೆನ್ನಾಗಿ ಕಣ್ಣಿಗೆ ಬೀಳುತ್ತಿದ್ದವು, ಅದನ್ನು ಒಪ್ಪಲೇಬೇಕು. ಜನರಿಗೂ ಸಂತೋಷವಾಗಿತ್ತು.

ಎರಡನೆಯದು ಸಮುದ್ರದ ಕಡೆಯ ಒಂದು ದೊಡ್ಡ ಊರಿನಲ್ಲಿತ್ತು. ಅಲ್ಲಿ ಗೋಡೆಗೆಲ್ಲ ಚಿತ್ರ ಬರೆಸಿದ್ದರು. ನನ್ನ ಕಸುಬಿನವನೇ ಯಾರೋ ಬರೆದದ್ದು. ಜಲಪಾತ, ತೆಂಗಿನ ಮರ, ಅದರ ಹಿಂದೆ ಹಿಮದ ಬೆಟ್ಟ. ಕೈ ಚೆನ್ನಾಗಿತ್ತು. ನೀರಿಗೆ ಬಿಳಿ ಹೊಡೆದ ರೀತಿ ನೋಡುತ್ತ ನಾನು ನಿಂತುಬಿಟ್ಟೆ. ನನ್ನ ಹೆಂಡತಿ ಕೋತಿಗಳನ್ನು ನೋಡುತ್ತಿದ್ದಳು.

"ಒಂದಾದ್ರೂ ಚಿತ್ರದ ಕಡೆ ತಿರುಗಿ ನೋಡವಲ್ದು ನೋಡ್ರಿ," ಎಂದಳು.

"ನೀ ನನ್ನ ಪರದೆ ಕಡೆ ಯಾವತ್ತಾದ್ರೂ ತಿರುಗಿ ನೋಡಿದ್ದೇನು?"

"ಪರದೆ ಇರಾದು ಮಂದೀಗೆ. ನಾ ಅಳಬೇಕಿತ್ತಲ್ಲ." ಕೋತಿಗಳ ಕಡೆ ಕೈ ತೋರಿಸಿ ಮತ್ತೆ ಹೇಳಿದಳು: "ಆದ್ರ ನನಗ ಸೈಡ್ ವಿಂಗ್ ಇತ್ರೀ. ಸೀನ್ ಮುಗಿದ ಕೂಡ್ಲೆ ಒಳಗ ಬಂದು ಸೆರಗ ಸರಿ ಮಾಡ್ಕೊಂಡು, ನೀರ್ ಕುಡಿದು, ಕುಂದರ್ತಿದ್ದೆ. ಇವಕ್ಕ ಎಲ್ಲೈತಿ ವಿಂಗು? ಬೆಳಿಗ್ಗಿಂದ ಸಂಜೀ ತನಕ ಸ್ಟೇಜ್ ಮ್ಯಾಲೇ ಅದಾವ."

ಅವಳು ನಗಿಸಲು ಹೇಳಿದ್ದಲ್ಲ. ಅವಳ ಮುಖ ನೋಡಿ ನಾನೂ ನಗಲಿಲ್ಲ.

ಅದೇ ಊರಿನ ಹೊರಗೆ, ಹಾವು ಮೊಸಳೆಗಳನ್ನು ಸಾಕುವ ಇನ್ನೊಂದು ಜಾಗವಿತ್ತು. ಅಲ್ಲಿ ದ್ವೀಪಗಳ ಇಗ್ವಾನಾಗಳಿವೆ ಎಂದು ಯಾರೋ ಹೇಳಿದ್ದರು. ಬಿಸಿಲಿನಲ್ಲಿ ನಡೆದು ಹೋದೆವು. ಸೊಂಟದೆತ್ತರದ ಗೋಡೆ, ಒಳಗೆ ಮರಳು, ಬಂಡೆ, ಒಣಗಿದ ಕೊರಡು. ಮತ್ತೇನೂ ಕಾಣಲಿಲ್ಲ. ನಮ್ಮ ಪಕ್ಕದಲ್ಲಿದ್ದ ಒಂದು ಕುಟುಂಬ, ದುಡ್ಡು ಕೊಟ್ಟು ಖಾಲಿ ಗುಂಡಿ ನೋಡಬೇಕೆ ಎಂದು ಬೈದುಕೊಂಡು ಹೋಯಿತು. ನಮಗೆ ಮುಂದೆ ಹೋಗುವ ಶಕ್ತಿ ಇರಲಿಲ್ಲ, ಅದಕ್ಕೇ ನಿಂತೆವು. ಬಹಳ ಹೊತ್ತಾದ ಮೇಲೆ ಬಂಡೆಯ ಸಂದಿಯಿಂದ ಬೂದು ಬಣ್ಣದ ಒಂದು ತಲೆ ಹೊರಬಂತು. ನಿಧಾನವಾಗಿ ನಡೆದು ಒಂದು ಗಿಡದ ಬಳಿ ಹೋಗಿ ಅದರ ಹಣ್ಣಿಗೆ ಬಾಯಿ ಹಾಕಿತು. ಆ ಗಿಡ ನೋಡಿ ನನ್ನ ಹೆಂಡತಿ ನನ್ನ ತೋಳು ಹಿಡಿದು ಎಳೆದಳು.

"ರೀ, ಪಾಪಾಸುಕಳ್ಳಿ! ನಮ್ಮೂರ ಬೇಲಿ ತಂದು ಹಾಕ್ಯಾರಲ್ರೀ!"

ಅಲ್ಲಿನ ಬೋರ್ಡಿನಲ್ಲಿ ಆ ದ್ವೀಪಗಳ ಚಿತ್ರವೂ ಇತ್ತು. ಮಳೆ ಕಡಿಮೆ, ಸುಣ್ಣದ ಕಲ್ಲು, ಕುರುಚಲು ಮುಳ್ಳು. ಸಮುದ್ರವೊಂದನ್ನು ತೆಗೆದರೆ ಕೂಡ್ಲಿಗಿಯಿಂದ ನಮ್ಮೂರಿಗೆ ಹೋಗುವ ಗಾಡಿದಾರಿಯ ಹಾಗೇ ಇತ್ತು. ಅಷ್ಟು ದೂರ ಬಂದು ಇದನ್ನು ನೋಡಿದೆವಲ್ಲ ಎಂದು ನನಗೆ ಒಂದು ಥರ ಸುಸ್ತಾಯಿತು.

ಊರಿಗೆ ಬಂದು ನೋಡಿದ್ದನ್ನೆಲ್ಲ ಸಾವ್ಕಾರರಿಗೆ ಹೇಳಿದೆವು. ಇಗ್ವಾನಾದ ಗೂಡಿಗೆ ಚಿತ್ರ ಬೇಡ, ಕಲ್ಲು ಮತ್ತು ಪಾಪಾಸುಕಳ್ಳಿ ಸಾಕು ಎಂದೆ. ಒಪ್ಪಿದರು. ಕೂಡ್ಲಿಗಿ ಕಡೆಯಿಂದ ಒಂದು ಟ್ರ್ಯಾಕ್ಟರ್ ಬಂಡೆಕಲ್ಲು, ಕಳ್ಳಿ ತರಿಸಿದರು. ಮುಳ್ಳು ಕೈಗೆ ಚುಚ್ಚಿಸಿಕೊಂಡು ನಾವೇ ನೆಟ್ಟೆವು. ಹಲ್ಲಿ ಎರಡು ದಿನ ಅಲುಗಾಡಲಿಲ್ಲ. ಆಮೇಲೆ ಅತಿ ಎತ್ತರದ ಕಲ್ಲು ಹತ್ತಿ ಬಿಸಿಲಿಗೆ ಹೊಟ್ಟೆ ಹಾಸಿ ಮಲಗಿತು. ಗಿಳಿಗಳ ಹಿಂದಿನ ಗೋಡೆಗೆ ನಾನು ಒಂದು ನದಿ ಬರೆದೆ. ದೊಡ್ಡ ಎಲೆಗಳ ಮರ, ಜೋತುಬಿದ್ದ ಬಳ್ಳಿ, ನಡುವೆ ಅಗಲವಾದ ಕೆಂಪು ನೀರು. ಬರೆದು ಮುಗಿಸಿ ದೂರ ನಿಂತು ನೋಡಿದರೆ ಮಳೆಗಾಲದ ತುಂಗಭದ್ರೆಯೇ ಆಗಿತ್ತು. ನನಗೆ ಗೊತ್ತಿದ್ದ ನದಿ ಅದೊಂದೇ. ನೀಲಿ ಗಿಳಿ ಬಂದು ಆ ನದಿಯ ಒಂದು ಅಂಚನ್ನು ಕೊಕ್ಕಿನಿಂದ ಕೆರೆಯತೊಡಗಿತು. ಬಣ್ಣ ಹೊಟ್ಟೆಗೆ ಹೋದರೆ ಹಕ್ಕಿಗೆ ಆಗಲಿಕ್ಕಿಲ್ಲ ಎಂದು ನನ್ನ ಹೆಂಡತಿ ಹಟ ಹಿಡಿದಳು. ಅವತ್ತೇ ಸಂಜೆ, ಗಿಳಿಗಳ ಕೊಕ್ಕು ಎಟುಕುವಷ್ಟೂ ಗೋಡೆಯನ್ನು ಕರಣೆಯಿಂದ ಕೆರೆದು ಹಾಕಿದೆವು. ಮೇಲೆ ಬಳ್ಳಿಗಳು ಮಾತ್ರ ಉಳಿದವು. ನನಗೆ ಬೇಸರವಾಗಲಿಲ್ಲ. ಭುಜ ನೋಯುತ್ತಿತ್ತು, ಅಷ್ಟೇ.

ಜಗಳವಾದದ್ದು ಮಾರ್ಮೊಸೆಟ್‌ಗಳ ವಿಷಯಕ್ಕೆ. ನನ್ನ ಹೆಂಡತಿ ಮನೆಯಿಂದ ಒಂದು ಹಳೆಯ ಪರದೆಯ ತುಂಡು ತಂದು ತೊಳೆದು, ಬಣ್ಣ ಉದುರುವುದನ್ನೆಲ್ಲ ಉದುರಿಸಿ, ಗೂಡಿನ ಒಂದು ಮೂಲೆಗೆ ಅಡ್ಡ ಕಟ್ಟಿದಳು. ಹಿಂದೆ ಒಂದು ಮಡಕೆಯನ್ನು ಅಡ್ಡ ಮಲಗಿಸಿಟ್ಟಳು. ಕೋತಿಗಳು ಆ ಮೂಲೆ ಸೇರಿದವು, ಹೊರಗೇ ಬರಲಿಲ್ಲ. ಸಾವ್ಕಾರರು ನೆಂಟರನ್ನು ಕರೆದುಕೊಂಡು ಬಂದಾಗ ಗೂಡು ಖಾಲಿ.

"ಏನ್ ತಂಗಿ ಇದು? ಇವನ್ನ ನೋಡಾಕಂತ ಬಂದಾರ. ಕಾಣದಿದ್ರ ಯಾಕ ಸಾಕಬೇಕು? ಬಿಚ್ಚು ಅದನ್ನ."

"ಬಿಚ್ಚಂಗಿಲ್ರೀ."

"ಮಾಸ್ತರ, ಹೇಳ್ರಿ ನಿಮ್ಮ ಮನಿಯವ್ರಿಗೆ."

ನಾನು ಬ್ರಷ್ ತೊಳೆಯುತ್ತಲೇ ಕೂತೆ. ಅವಳು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗೂಡಿನ ಬಾಗಿಲಿಗೆ ಬಂದು ನಿಂತಳು. ಕಂಪನಿಯಲ್ಲಿ ರಾಣಿಯ ಪಾತ್ರ ಅವಳಿಗೆ ಎಂದೂ ಸಿಕ್ಕಿರಲಿಲ್ಲ.

"ಅಣ್ಣಾ, ನಾ ಇಪ್ಪತ್ತು ವರ್ಷ ಮಂದಿ ಮುಂದ ನಿಂತು ಬಂದಾಕಿ. ನೋಡಿಸ್ಕೊಳ್ಳಾದು ಅಂದ್ರ ಏನು ಅಂತ ನನಗ ಗೊತ್ತೈತಿ. ಅವಕ್ಕ ದಣಿವಾಗತೈತಿ. ಒಂದು ತಿಂಗಳು ಬಿಡ್ರಿ. ಬರಲಿಲ್ಲಾಂದ್ರ ನಾನೇ ಬಿಚ್ಚತೀನಿ."

ಸಾವ್ಕಾರರು ನೆಂಟರ ಮುಂದೆ ಕೆಂಪಾದರು. ಆದರೆ ಬಿಚ್ಚಿಸಲಿಲ್ಲ. ತಿಂಗಳಾಗುವುದಕ್ಕೆ ಮುಂಚೆಯೇ ಕೋತಿಗಳು ತಾವಾಗಿ ಹೊರಬಂದವು. ಬೆಳಗಿನ ಹೊತ್ತು ತಂತಿಗೆ ಜೋತು ನಮ್ಮನ್ನೇ ನೋಡುವುದು, ಬಿಸಿಲೇರಿದರೆ ಪರದೆಯ ಹಿಂದೆ ಹೋಗುವುದು. ಬೇಸಿಗೆಯಲ್ಲಿ ಒಂದು ದಿನ ಗಂಡುಕೋತಿ ಬೆನ್ನ ಮೇಲೆ ಎರಡು ಮರಿ ಹೊತ್ತುಕೊಂಡು ಬಂತು. ಹೆಬ್ಬೆರಳಿನಷ್ಟು ಮರಿಗಳು. ಸಾವ್ಕಾರರು ಮಗುವಿನಂತೆ ಕೂಗಿ ಎಲ್ಲರನ್ನೂ ಕರೆದರು. ನನ್ನ ಹೆಂಡತಿ ಮಾತ್ರ ಹತ್ತಿರ ಹೋಗಲಿಲ್ಲ. ದೂರದಲ್ಲೇ ಕೂತು ಕಣ್ಣೊರೆಸಿಕೊಂಡಳು. ನಮಗೆ ಮಕ್ಕಳಿಲ್ಲ. ಆ ಮಾತನ್ನು ನಾವು ಯಾವತ್ತೋ ಆಡುವುದು ಬಿಟ್ಟಿದ್ದೆವು.

ತೋಟ ಜನರಿಗೆ ತೆರೆಯಲೇ ಇಲ್ಲ. ಹೀಗೆ ಟಿಕೀಟಿಟ್ಟು ಪ್ರಾಣಿ ತೋರಿಸಲು ಸರ್ಕಾರದ ಅನುಮತಿ ಬೇಕು, ಅದು ಸಿಗಲಿಲ್ಲ. ಒಂದು ಬೆಳಿಗ್ಗೆ ಅರಣ್ಯ ಇಲಾಖೆಯ ಜೀಪು, ಹಿಂದೆ ಒಂದು ಮುಚ್ಚಿದ ವ್ಯಾನು ಬಂದವು. ಜೀಪಿನಿಂದ ಇಳಿದ ಅಧಿಕಾರಿ ಮೇಡಂ ಮೆಲುದನಿಯವರು. ಸಾವ್ಕಾರರು ಎಷ್ಟು ಹೇಳಿದರೂ, "ನಿಮ್ಮ ಮೇಲೆ ಕೇಸ್ ಹಾಕ್ತಿಲ್ಲ. ದೊಡ್ಡ ಜೂಗೆ ಕೊಡಿ, ಅಲ್ಲಿ ಡಾಕ್ಟ್ರು ಇರ್ತಾರೆ," ಎಂದರು. ಇಗ್ವಾನಾ ಸುಲಭವಾಗಿ ಸಿಕ್ಕಿತು. ಗಿಳಿಗಳು ಕಿವಿ ಕಿತ್ತುಹೋಗುವ ಹಾಗೆ ಅರಚಿದವು. ಕೋತಿಗಳು ಮರಿಗಳನ್ನು ಕಟ್ಟಿಕೊಂಡು ಪರದೆಯ ಹಿಂದೆ ಮಡಕೆಗೆ ಸೇರಿದ್ದವು.

"ನಾ ಹಿಡಿದು ಕೊಡತೀನ್ರಿ," ಎಂದು ನನ್ನ ಹೆಂಡತಿ ಒಳಗೆ ಹೋದಳು. ಪರದೆಯ ತುಂಡನ್ನು ಬಿಚ್ಚಿ ಮಡಕೆಯ ಸಮೇತ ಸುತ್ತಿ ಎತ್ತಿಕೊಂಡು ಬಂದಳು. "ಮೇಡಂ, ಈ ಬಟ್ಟಿ ಒಳಗ ಇರಲ್ರಿ. ವಾಸನಿ ಗೊತ್ತಾಗತೈತಿ ಅವಕ್ಕ."

"ಇರ್ಲಮ್ಮ, ಹಾಗೇ ಪೆಟ್ಟಿಗೆಗೆ ಹಾಕಿ," ಎಂದರು ಮೇಡಂ.

ಸಾವ್ಕಾರರು ಗೇಟಿನ ತನಕ ನಡೆದು ಬಂದು ಡ್ರೈವರನ ಕೈಗೆ ಗೋಡಂಬಿಯ ಪೊಟ್ಟಣ ಕೊಟ್ಟರು. ಕೆಂಪು ಗಿಳಿಗೆ ಒಂದೊಂದೇ ಕೊಡಬೇಕು, ಒಟ್ಟಿಗೆ ಹಾಕಿದರೆ ತಿನ್ನುವುದಿಲ್ಲ ಎಂದು ಎರಡು ಸಲ ಹೇಳಿದರು. ಆಮೇಲೆ ನಮ್ಮ ಕಡೆ ನೋಡದೆ ಮನೆಯೊಳಗೆ ಹೋದರು.

ಮುಂದಿನ ಸುದ್ದಿ ಅವರಿಂದಲೇ ತಿಳಿಯಿತು. ಮಾರನೆಯ ವರ್ಷ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ಇಗ್ವಾನಾ ಚಳಿಗಾಲದಲ್ಲಿ ಸತ್ತಿತಂತೆ. ಕೆಂಪು ಗಿಳಿಯ ಎದೆಗೆ ಗರಿ ಮತ್ತೆ ಬರಲಿಲ್ಲವಂತೆ. ಕೋತಿಗಳು ಚೆನ್ನಾಗಿವೆಯಂತೆ, ಮರಿಗಳು ದೊಡ್ಡವಾಗಿವೆಯಂತೆ. "ನಾ ಹೋಗಿದ್ದೆ ಮಾಸ್ತರ. ಬೋರ್ಡ್ ನೋಡಿ ಬಂದೆ. ಕೋತಿ ಒಳಗ ಅದಾವ ಅಂದ್ರು, ಕಾಣಲಿಲ್ಲ," ಎಂದರು. ಸಿಟ್ಟಿನಿಂದೇನೂ ಹೇಳಲಿಲ್ಲ. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಕೇಳಿ ಅಕ್ಕಿ ಆರಿಸುತ್ತ ಕೂತಳು.

ವ್ಯಾನು ಹೋದ ಆ ದಿನ ನಾವು ಮಧ್ಯಾಹ್ನದ ಬಸ್ಸಿಗೆ ಕೊಟ್ಟೂರಿಗೆ ಹೊರಟೆವು. ಬಣ್ಣದ ಡಬ್ಬಿಗಳನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂತಿದ್ದೆವು. ಮರುದಿನ ಹೊಳಲಿನಲ್ಲಿ ಒಂದು ಗೋಡೆ ಬರೆಯುವ ಕೆಲಸ ಒಪ್ಪಿಕೊಂಡಿದ್ದೆ, ಬಿತ್ತನೆ ಬೀಜದ ಜಾಹೀರಾತು.

"ನಾಳೆ ನಾ ಬರಂಗಿಲ್ರೀ," ಎಂದಳು ಅವಳು, ಕಿಟಕಿಯಿಂದ ಮುಖ ತಿರುಗಿಸದೆ. "ಕೈ ಏಳವಲ್ವು."

ಅಷ್ಟು ವರ್ಷಗಳಲ್ಲಿ ಅವಳು ಆ ಮಾತು ಹೇಳಿದ್ದು ಅದೇ ಮೊದಲು. "ಆತು, ನೀ ಮಲಕ್ಕ," ಎಂದೆ. ಮರುದಿನ ಹೊಳಲಿಗೆ ಒಬ್ಬನೇ ಹೋದೆ. ಏಣಿಯ ಕಾಲಿಗೆ ಎರಡು ಕಲ್ಲು ಒತ್ತಿಕೊಟ್ಟು, ಎಡಗೈಯಲ್ಲಿ ಬ್ರಷ್ ಹಿಡಿದು, ಸೂರ್ಯಕಾಂತಿಯ ಹಳದಿಯನ್ನು ಕೆಳಗಿನಿಂದ ತುಂಬುತ್ತ ಬಂದೆ.